ನಂದಿಯ ಬುಡದಿಂದ ಕೈಲಾಸದ ಸುತ್ತಿಗೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಕೈಲಾಸ–ಮಾನಸ ಸರೋವರಕ್ಕೆ ಹೊರಡಬೇಕೆಂದುಕೊಂಡವರು ಈಗ ಮೊದಲು ಮಾಡುವ ಕೆಲಸ ವಿದೇಶಾಂಗ ಸಚಿವಾಲಯಕ್ಕೆ ಆನ್‌ಲೈನ್ ಅರ್ಜಿ ಹಾಕುವುದು. ಪಾಸ್‌ಪೋರ್ಟ್ ಇರಬೇಕು, ವಯಸ್ಸು 18ರಿಂದ 70ರೊಳಗಿರಬೇಕು, ಎತ್ತರಕ್ಕೆ ತಕ್ಕ ತೂಕವಿರಬೇಕು. ಅದನ್ನು ಅಳೆಯುವ ಬಿ.ಎಂ.ಐ. 25 ದಾಟಿದರೆ ಅರ್ಜಿ ಅಲ್ಲಿಗೇ ನಿಂತಿತು. ಕಂಪ್ಯೂಟರ್ ಲಾಟರಿಯಲ್ಲಿ ಹೆಸರು ಬಂದಮೇಲೆ ದೆಹಲಿಯಲ್ಲಿ ಹೃದಯ, ಶ್ವಾಸಕೋಶ, ರಕ್ತದೊತ್ತಡದ ತಪಾಸಣೆ. ಲಿಪುಲೇಖ್ ದಾರಿಯಲ್ಲಿ ಹೋಗುವವರಿಗೆ ಗುಂಜಿಯಲ್ಲಿ ಐಟಿಬಿಪಿ ವೈದ್ಯರಿಂದ ಮತ್ತೊಂದು ತಪಾಸಣೆ. ಅಲ್ಲಿ ಬೇಡವೆಂದರೆ ಅಷ್ಟು ದೂರ ಹೋದವರೂ ಹಿಂದಿರುಗಬೇಕು. ಈ ಪಟ್ಟಿಯನ್ನು ನೋಡಿದವರಿಗೆ ಕೈಲಾಸ ಯಾತ್ರೆಯೆಂಬುದು ನಮ್ಮ ಸೀಮೆಗೆ ಇತ್ತೀಚೆಗೆ ಬಂದ ಹವ್ಯಾಸ, ಪಾಸ್‌ಪೋರ್ಟು ಮತ್ತು ಟ್ರಾವೆಲ್ಸ್ ಏಜೆನ್ಸಿಗಳ ಕಾಲ ಹುಟ್ಟಿಸಿದ ಹಂಬಲ ಅನಿಸುವುದು ಸಹಜ. ಹೋಗಿಬರುವ ಅನುಕೂಲ ಈಚಿನದು, ನಿಜ. ಆದರೆ ಅಂಥ ಬೆಟ್ಟವೊಂದಕ್ಕೆ ಹೇಗೆ ಹೋಗಬೇಕು, ಹೋಗಿ ಏನು ಮಾಡಬೇಕು, ಏನನ್ನು ನೋಡಬೇಕು ಎಂಬ ತಿಳಿವಳಿಕೆ ಈ ನಾಲ್ಕು ತಾಲ್ಲೂಕುಗಳ ಬಂಡೆಗುಡ್ಡಗಳ ನಡುವೆ ಬಹಳ ಹಿಂದೆಯೇ ರೂಪುಗೊಂಡಿತ್ತು. ಹಿಮದ ಶಿಖರಕ್ಕೆ ಹೊರಟವರು ಆ ಪಾಠವನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಬಹುದು ಎಂಬುದು ಈ ಬರಹದ ವಾದ.

ಮೊದಲು ಹೋಗಬೇಕಾದ ಬೆಟ್ಟವನ್ನು ನೋಡೋಣ. ಟಿಬೆಟಿನ ನೈಋತ್ಯದಲ್ಲಿರುವ ಕೈಲಾಸ 6,638 ಮೀಟರ್ ಎತ್ತರದ್ದು. ಹಿಮಾಲಯದ ದೈತ್ಯ ಶಿಖರಗಳ ಲೆಕ್ಕದಲ್ಲಿ ಇದು ದೊಡ್ಡ ಎತ್ತರವಲ್ಲ. ಆದರೆ ಸುತ್ತಲಿನ ಗುಡ್ಡಗಳಿಂದ ಬೇರೆಯಾಗಿ, ನಾಲ್ಕು ಮುಖ ತಿದ್ದಿದಂತೆ ಎದ್ದು ನಿಂತಿದೆ. ಮೈಮೇಲೆ ಹಿಮನದಿಗಳಿವೆ, ತಲೆಯ ಮೇಲೆ ವರ್ಷವಿಡೀ ಕರಗದ ಹಿಮ. ಅದನ್ನು ಯಾರಾದರೂ ಹತ್ತಿದ ದಾಖಲೆ ಇಲ್ಲ, ಹತ್ತಲು ಈಗ ಅನುಮತಿಯೂ ಇಲ್ಲ. ಜನ ಮಾಡುವುದು ಸುಮಾರು 52 ಕಿಲೋಮೀಟರಿನ ಪರಿಕ್ರಮ. ದಾರ್ಚೆನ್‌ನಿಂದ ಹೊರಟು ಮೊದಲ ರಾತ್ರಿ ದಿರಾಪುಕ್‌ನಲ್ಲಿ ತಂಗಿ, ಎರಡನೆಯ ದಿನ 5,630 ಮೀಟರಿನ ಡೋಲ್ಮಾ ಲಾ ಕಣಿವೆಬಾಗಿಲನ್ನು ದಾಟಿ, ಗೌರೀಕುಂಡವನ್ನು ಕೆಳಗೆ ನೋಡುತ್ತ ಇಳಿದು, ಮೂರನೆಯ ದಿನ ಹೊರಟಲ್ಲಿಗೇ ಬರುತ್ತಾರೆ. ಹಿಂದೂಗಳು, ಬೌದ್ಧರು ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ಟಿಬೆಟಿನ ಪ್ರಾಚೀನ ಬೋನ್ ಮತದವರು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ. ದಿಕ್ಕಿನಲ್ಲಿ ಭೇದವಿದೆ, ಸುತ್ತಬೇಕೆಂಬುದರಲ್ಲಿ ಯಾರಿಗೂ ಭೇದವಿಲ್ಲ. ಈ ಸೀಮೆಯ ಇನ್ನೊಂದು ಗುಣ ನೀರು. ಸಿಂಧೂ, ಸತಲಜ್, ಬ್ರಹ್ಮಪುತ್ರ, ಕರ್ನಾಲಿ ಎಂಬ ನಾಲ್ಕು ದೊಡ್ಡ ನದಿಗಳು ಇಲ್ಲಿ ಹುಟ್ಟಿ ನಾಲ್ಕು ಕಡೆಗೆ ಹರಿಯುತ್ತವೆ. ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ನದಿಗಳು ಕೈಲಾಸದ ತುದಿಯಿಂದ ಧುಮುಕುವುದಿಲ್ಲ. ಬೆಟ್ಟದ ಹಿಮ ಕರಗಿದ ತೊರೆಗಳು ಹೆಚ್ಚಾಗಿ ಸೇರುವುದು ಪಕ್ಕದ ರಾಕ್ಷಸತಾಲವೆಂಬ ಸರೋವರವನ್ನು. ನಾಲ್ಕು ನದಿಗಳ ಮೂಲಗಳು ಬೆಟ್ಟದ ಮತ್ತು ಮಾನಸ ಸರೋವರದ ಸುತ್ತಮುತ್ತ, ಒಂದೊಂದು ಒಂದೊಂದು ದಿಕ್ಕಿನಲ್ಲಿ ಹರಡಿಕೊಂಡಿವೆ. ತುದಿಗೆ ಹೋದವರಿಗೆ ಅವು ಸಿಗುವುದಿಲ್ಲ. ಸುತ್ತುವವರಿಗೆ ಮಾತ್ರ ಆ ನೀರಿನ ವಿನ್ಯಾಸ ತಿಳಿದೀತು.

ಈಗ ನಂದಿಗೆ ಬನ್ನಿ. 1,478 ಮೀಟರಿನ ಈ ಬೆಟ್ಟಕ್ಕೆ ಹಿಮದ ಸೋಂಕಿಲ್ಲ. ಚಳಿಗಾಲದ ಬೆಳಗಿನ ಮಂಜೇ ಇಲ್ಲಿನ ದೊಡ್ಡ ಚಳಿ. ಆದರೂ ನೀರಿನ ವಿನ್ಯಾಸ ಮಾತ್ರ ಅದೇ. ಅರ್ಕಾವತಿ ನಂದಿಯಲ್ಲಿ ಹುಟ್ಟಿ ದಕ್ಷಿಣಕ್ಕೆ ಇಳಿದು ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚೆನ್ನಕೇಶವ ಬೆಟ್ಟದ ಕಡೆಯಿಂದ ಹೊರಡುವ ಉತ್ತರ ಪಿನಾಕಿನಿ ಗೌರಿಬಿದನೂರು, ವಿದುರಾಶ್ವತ್ಥಗಳ ಬದಿಯಲ್ಲಿ ಸಾಗಿ ಆಂಧ್ರಕ್ಕೆ ಹೋಗಿ, ಪೆನ್ನಾರ್ ಎನಿಸಿಕೊಂಡು ನೆಲ್ಲೂರಿನ ಬಳಿ ಸಮುದ್ರ ಕಾಣುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿದು ಕಡಲೂರಿನ ಕಡೆಗೆ ಹೋಗುತ್ತದೆ. ಚಿತ್ರಾವತಿ ಉತ್ತರಕ್ಕೆ ಬಾಗೇಪಲ್ಲಿಯತ್ತ ಹರಿದರೆ, ಪಾಪಘ್ನಿ ಶಿಡ್ಲಘಟ್ಟದ ಕಾಡುಗುಡ್ಡಗಳಿಂದ ಹೊರಟು ಆಂಧ್ರದಲ್ಲಿ ಪೆನ್ನಾರನ್ನು ಕೂಡುತ್ತದೆ. ಪಾಲಾರ್ ಇದೇ ಎತ್ತರದ ಪೂರ್ವದ ಅಂಚಿನಿಂದ ತಮಿಳುನಾಡಿಗೆ ಹೊರಡುತ್ತದೆ. ಇಲ್ಲಿಯೂ ಎಲ್ಲ ನದಿಗಳು ಒಂದೇ ತುದಿಯಿಂದ ಹುಟ್ಟುವುದಿಲ್ಲ. ನಂದಿಗಿರಿ, ಚೆನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿ ಮೊದಲಾದ ಪಂಚಗಿರಿಗಳ ಸುತ್ತ, ಅವುಗಳಾಚೆಯ ಗುಡ್ಡಗಳಲ್ಲಿ ಚದುರಿಕೊಂಡಿವೆ. ಒಣ ಸೀಮೆಯಲ್ಲಿ ಬಾಳುವವರಿಗೆ ತಮ್ಮ ಊರಿನ ಹಳ್ಳ ಯಾವ ಗುಡ್ಡದಿಂದ ಬಂತು ಎಂಬ ಅರಿವು ಭೂಗೋಳದ ಪಾಠಕ್ಕಿಂತ ಹಿರಿದಾದ ಸಂಗತಿ. ಶಿವನ ಬಾಗಿಲು ಕಾಯುವ ನಂದಿಯ ಹೆಸರು ಈ ನೀರುಗೋಪುರಕ್ಕೆ ಅಂಟಿಕೊಂಡದ್ದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಬೆಟ್ಟದ ಬುಡದ ಭೋಗನಂದೀಶ್ವರ ದೇಗುಲದ ಶೃಂಗಿತೀರ್ಥವೆಂಬ ಕಲ್ಯಾಣಿಯ ಸ್ಥಳಕಥೆಯೂ ಅದನ್ನೇ ಹೇಳುತ್ತದೆ: ನಂದಿ ತನ್ನ ಕೊಂಬಿನಿಂದ ನೆಲ ತಿವಿದು ನೀರು ತಂದನಂತೆ, ಪಿನಾಕಿನಿಯ ಮೂಲ ಆ ಕಲ್ಯಾಣಿಯೇ ಅಂತೆ.

ದಕ್ಷಿಣದಲ್ಲಿ ಶಿವನಿರುವ ಗುಡ್ಡವೆಲ್ಲ ಕೈಲಾಸವೇ, ಶ್ರೀಶೈಲವೂ ದಕ್ಷಿಣ ಕೈಲಾಸ, ಕಾಳಹಸ್ತಿಯೂ ದಕ್ಷಿಣ ಕೈಲಾಸ, ನಂದಿಯಲ್ಲೇನು ವಿಶೇಷ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಆಕ್ಷೇಪ ನ್ಯಾಯವಾದದ್ದು. ಹೆಸರಿನ ಬಲದಿಂದ ಮಾತ್ರ ವಾದ ಹೂಡಿದರೆ ಅದು ನಿಲ್ಲುವುದಿಲ್ಲ, ಕಾಲದ ದಾಖಲೆ ಬೇಕು. ನಂದಿಯ ದೇಗುಲದ ಅತಿ ಹಳೆಯ ಉಲ್ಲೇಖಗಳು ಕ್ರಿ.ಶ. 806ರ ಸುಮಾರಿನವು, ನೊಳಂಬ ಅರಸನದು ಮತ್ತು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕಾಲದ್ದು. ಸುಮಾರು 810ರ ಚಿಕ್ಕಬಳ್ಳಾಪುರದ ತಾಮ್ರಪಟಗಳೂ ಇವೆ. ದೇಗುಲವನ್ನು ಕಟ್ಟಿಸಿದವಳೆಂದು ಬಾಣ ವಂಶದ ರಾಣಿ ರತ್ನಾವಳಿಯ ಹೆಸರು ಬರುತ್ತದೆ. ಆ ಕಾಲಕ್ಕೆ ಇಲ್ಲಿ ಕಾಳಾಮುಖ ಶೈವ ಯತಿಗಳ ನೆಲೆಯಿತ್ತು. ದೇಶದುದ್ದ ಓಡಾಡಿಕೊಂಡಿದ್ದ, ಶಾಸ್ತ್ರ ಬಲ್ಲ ಜನ ಅವರು. ಇನ್ನು ಮೂರನೆಯ ಗೋವಿಂದ ಯಾರು? ಎಲ್ಲೋರದಲ್ಲಿ ಇಡೀ ಬೆಟ್ಟವನ್ನೇ ಮೇಲಿನಿಂದ ಕಡೆದು ಕೈಲಾಸವೆಂಬ ದೇಗುಲವನ್ನಾಗಿ ಮಾಡಿಸಿದ ಒಂದನೆಯ ಕೃಷ್ಣನ ಮೊಮ್ಮಗ. ತಾತ ಕೈಲಾಸವನ್ನು ಕಲ್ಲಿನಲ್ಲಿ ಕೆಳಗಿಳಿಸಿದ, ಮೊಮ್ಮಗ ಹಿಮಾಲಯದ ಕಡೆಗೇ ಸೈನ್ಯ ನಡೆಸಿದ. ಅವನ ಕುದುರೆಗಳು ಹಿಮಾಲಯದ ಚಿಲುಮೆಗಳ ನೀರು ಕುಡಿದವೆಂದು ಮಗ ಅಮೋಘವರ್ಷನ 871ರ ಸಂಜಾನ್ ತಾಮ್ರಶಾಸನ ಕೊಂಡಾಡುತ್ತದೆ.

ಅದು ಆಸ್ಥಾನ ಕವಿಯ ಉತ್ಪ್ರೇಕ್ಷೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ರಾಷ್ಟ್ರಕೂಟ ಸೈನ್ಯ ಗಂಗೆ–ಯಮುನೆಗಳ ಬಯಲಿಗೆ ಹೋದದ್ದು ದಿಟ, ಹಿಮದ ಅಂಚನ್ನು ಮುಟ್ಟಿತೆಂದು ಆ ಒಂದು ಮಾತಿನಿಂದ ನಂಬಬೇಕಿಲ್ಲ. ಆದರೆ ಶಾಸನ ಬರೆದವನ ಆಯ್ಕೆಯನ್ನು ನೋಡಿ. ಹಿಮಾಲಯವೆಂದಾಗ ಅವನಿಗೆ ಹೊಳೆದದ್ದು ಕುಡಿಯುವ ನೀರು, ಉಕ್ಕುವ ಚಿಲುಮೆ. ಶಿಖರದ ಮೇಲೆ ಬಾವುಟ ನೆಟ್ಟ ಮಾತು ಅಲ್ಲಿಲ್ಲ. ದಖನ್ನಿನ ಒಣ ನೆಲದಿಂದ ಹೋದವರು ಆ ಬೆಟ್ಟವನ್ನು ನೀರಿನ ಮೂಲವಾಗಿ ಕಂಡರು, ಅದನ್ನೇ ದೊಡ್ಡ ಗೆಲುವೆಂದು ತಾಮ್ರದಲ್ಲಿ ಕೊರೆಸಿದರು. ನಂದಿಯ ಬುಡದ ದೇಗುಲ ಮತ್ತು ಆ ಶಾಸನ ಒಂದೇ ರಾಜ್ಯಭಾರದ ನೆನಪಿನಿಂದ ಹುಟ್ಟಿದವು. ಎರಡರಲ್ಲೂ ಬೆಟ್ಟವೆಂದರೆ ನೀರು ಎಂಬ ಒಂದೇ ನೋಟವಿದೆ.

ನಂದಿ ಗ್ರಾಮದ ಭೋಗನಂದೀಶ್ವರ ದೇಗುಲವನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರನ ಗುಡಿ ಮತ್ತು ಕಪ್ಪುಕಲ್ಲಿನ ಕಂಬಗಳ ಕಲ್ಯಾಣಮಂಟಪ. ಗೋಡೆಯ ಕಲ್ಲಿನ ಜಾಲಂಧ್ರಗಳಲ್ಲಿ ನಟರಾಜನೂ ಮಹಿಷನ ತಲೆಯ ಮೇಲೆ ನಿಂತ ದುರ್ಗೆಯೂ ಇದ್ದಾರೆ. ಶಿಲ್ಪಿ ಒಂದೇ ಚಪ್ಪಡಿಯಲ್ಲಿ ವಿಗ್ರಹವನ್ನೂ ಬೆಳಕು ಬರುವ ರಂಧ್ರಗಳನ್ನೂ ಕಡೆದಿದ್ದಾನೆ. ನೊಳಂಬರ ಕಾಲದಿಂದ ಚೋಳರು, ಹೊಯ್ಸಳರು, ವಿಜಯನಗರದವರೆಗೆ ಒಬ್ಬರಾದಮೇಲೆ ಒಬ್ಬರು ಇಲ್ಲಿ ಕಲ್ಲು ಸೇರಿಸುತ್ತ ಹೋದರು. ಒಳಪ್ರಾಕಾರ ದಾಟಿದರೆ ಶೃಂಗಿತೀರ್ಥ. ನಾಲ್ಕೂ ಕಡೆಯಿಂದ ಮೆಟ್ಟಿಲುಗಳು ಹಂತಹಂತವಾಗಿ ಕಿರಿದಾಗುತ್ತ ನೀರಿಗಿಳಿಯುತ್ತವೆ. ಮೇಲಿನ ಅಂಚಿಗೆ ಕಲ್ಲಿನ ಕೈಸಾಲೆ, ಸಾಲುಗಂಬ. ಇಷ್ಟು ವೈಭವವೆಲ್ಲ ಬೆಟ್ಟದ ಬುಡದಲ್ಲಿ. ಮೇಲೆ, ತುದಿಯಲ್ಲಿ, ಯೋಗನಂದೀಶ್ವರನ ಗುಡಿ ಚಿಕ್ಕದು. ಕೆಳಗೆ ಭೋಗ, ಮೇಲೆ ಯೋಗ; ಸಂಸಾರಿಯ ದೇವರು ನೀರು ನಿಲ್ಲುವ ಕಡೆ, ವಿರಕ್ತನ ದೇವರು ಗಾಳಿ ಬೀಸುವ ಕಡೆ. ದಾನಧರ್ಮ, ಶಾಸನ, ಮದುವೆ, ಶಿವರಾತ್ರಿಯ ತೇರು ಎಲ್ಲ ಕೆಳಗೇ ನಡೆದವು. ಊರಿನ ಜನ ಬೆಟ್ಟಕ್ಕೆ ಸಲ್ಲಿಸುವ ನಡವಳಿಕೆಯ ಕೇಂದ್ರ ತುದಿಯಲ್ಲಿಲ್ಲ, ಬುಡದಲ್ಲಿದೆ ಎಂಬುದಕ್ಕೆ ಈ ಕಲ್ಲುಕಟ್ಟಡಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಹಾಗಾದರೆ ತುದಿಗೆ ಹತ್ತಿದವರಿಲ್ಲವೇ? ಧಾರಾಳವಾಗಿ ಇದ್ದಾರೆ. ಹೈದರ್, ಟಿಪ್ಪು ಕಾಲದ ಕೋಟೆ ತುದಿಯಲ್ಲೇ ಇದೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಮುತ್ತಿ ಹಿಡಿದದ್ದು ಬ್ರಿಟಿಷರು ಹೆಮ್ಮೆಯಿಂದ ಬರೆದುಕೊಂಡ ಸಂಗತಿ. ಮುಂದೆ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಮೇಲೆ ಬಂಗಲೆ ಕಟ್ಟಿಸಿದ, ನಂದಿದುರ್ಗ ತಂಪುತಾಣವಾಯಿತು. ಗಾಂಧೀಜಿ ಆರೋಗ್ಯ ಕೆಟ್ಟಾಗ 1927ರ ಬೇಸಿಗೆಯನ್ನು ಇಲ್ಲಿಯೇ ಕಳೆದರು. 1986ರ ಬೆಂಗಳೂರು ಸಾರ್ಕ್ ಶೃಂಗಸಭೆಯ ಮುಖಂಡರು ಇದೇ ತುದಿಗೆ ಬಂದರು. 2023ರ ಮಾರ್ಚಿನಲ್ಲಿ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ವಾರಾಂತ್ಯದ ನಸುಕಿನಲ್ಲಿ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬರುವ ಬೈಕು ಕಾರುಗಳ ಸಾಲು ಈ ಪರಂಪರೆಯದೇ ಮುಂದುವರಿಕೆ. ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ; ತಂಪುಗಾಳಿಗೆ ಹತ್ತುವುದರಲ್ಲಿ ತಪ್ಪಿಲ್ಲ. ಆದರೆ ಇದು ಕೋಟೆಯವರು ಹಾಕಿಕೊಟ್ಟ ರೂಢಿ ಎಂಬುದು ನೆನಪಿರಬೇಕು. ಕೋಟೆ ಕಟ್ಟಿದವನಿಗೂ ಅದನ್ನು ಗೆದ್ದವನಿಗೂ ತುದಿ ಬೇಕಿತ್ತು, ಸುತ್ತಲಿನ ಸೀಮೆ ಕೈಗೆ ಸಿಕ್ಕಂತೆ ಕಾಣುವುದು ಅಲ್ಲಿಂದಲೇ. ತುದಿಯನ್ನು ಗುರಿಯಾಗಿಸುವ ಪ್ರವಾಸ ಆ ನೋಟವನ್ನು ಯುದ್ಧದಿಂದ ವಿರಾಮಕ್ಕೆ ದಾಟಿಸಿಕೊಂಡಿತು. ಬುಡದ ದೇಗುಲದ ನೋಟ ಅದಕ್ಕಿಂತ ಸಾವಿರ ವರ್ಷ ಹಳೆಯದು, ಬೇರೆಯದು.

ಆ ಬೇರೆಯ ನೋಟ ಇಂದಿಗೂ ಕಾಲಲ್ಲಿ ಜೀವಂತವಾಗಿರುವುದು ನಂದಿ ಗಿರಿಪ್ರದಕ್ಷಿಣೆಯಲ್ಲಿ. ಆಷಾಢ ಮಾಸದ ಸೋಮವಾರ ಸಾವಿರಾರು ಜನ ಭೋಗನಂದೀಶ್ವರನಿಗೆ ಕೈಮುಗಿದು ಹೊರಟು, ಬೆಟ್ಟವನ್ನು ಬಲಕ್ಕಿಟ್ಟುಕೊಂಡು, ಹಳ್ಳಿಗಳ ಮೂಲಕ ಬರಿಗಾಲಲ್ಲಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತಾರೆ. ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ, ಅನ್ನದಾನ. ಇದು ಸಾಮೂಹಿಕವಾಗಿ, ಸಂಘಟಿತವಾಗಿ ನಡೆಯತೊಡಗಿದ್ದು 20ನೇ ಶತಮಾನದಲ್ಲಿ; ಹಾಗಾಗಿ ಇದನ್ನು ರಾಷ್ಟ್ರಕೂಟರ ಕಾಲದ ಆಚರಣೆ ಎಂದು ನಾನು ಸಾಧಿಸಹೊರಟಿಲ್ಲ. ತಿರುವಣ್ಣಾಮಲೈಯ ಗಿರಿವಲಂ ನೋಡಿ ಇಲ್ಲಿಯವರು ಕಲಿತದ್ದು ಎಂದೂ ಹೇಳಬಹುದು. ಹೇಳಲಿ. ತಿರುವಣ್ಣಾಮಲೈಯ ಅರುಣಾಚಲನೇ ನಂದಿಯ ಗರ್ಭಗುಡಿಯೊಂದರಲ್ಲಿ ಶತಮಾನಗಳಿಂದ ಕೂತಿದ್ದಾನೆ; ಬೆಟ್ಟವೇ ಲಿಂಗವೆಂಬ, ಬೆಟ್ಟಕ್ಕೇ ಸುತ್ತು ಬರಬೇಕೆಂಬ ಆ ಕಲ್ಪನೆ ಇಲ್ಲಿಗೆ ಹೊಸದಾಗಿ ಬರಬೇಕಿರಲಿಲ್ಲ. ಒಂದು ಊರಿನ ಆಚರಣೆ ಇನ್ನೊಂದು ಊರಿಗೆ ಹೋಗಿ ಬೇರೂರಬೇಕಾದರೆ ಅಲ್ಲಿ ನೆಲ ಹದವಾಗಿರಬೇಕು. ಅಂದಹಾಗೆ ಕೈಲಾಸ ಪರಿಕ್ರಮದ ಋತುವೂ ಹೆಚ್ಚುಕಡಿಮೆ ಇದೇ. ಜೂನ್‌ನಿಂದ ಆಗಸ್ಟ್–ಸೆಪ್ಟೆಂಬರಿನವರೆಗೆ ಅಲ್ಲಿನ ದಾರಿ ತೆರೆದಿರುತ್ತದೆ. ನಂದಿಯ ಸುತ್ತ ಜನ ನಡೆಯುವ ಆಷಾಢದಲ್ಲೇ ಡೋಲ್ಮಾ ಲಾ ಮೇಲೆ ಕೂಡ ಯಾತ್ರಿಕರು ನಡೆಯುತ್ತಿರುತ್ತಾರೆ.

ಇನ್ನೊಂದು ವಾದ ಹೆಚ್ಚು ಪ್ರಚಲಿತ. ದೂರದ ಕೈಲಾಸಕ್ಕೆ ಹೋಗಲಾಗದವರು ಹತ್ತಿರದಲ್ಲೇ ಒಂದು ಕೈಲಾಸ ಮಾಡಿಕೊಂಡರು, ಬಡವರ ಸಮಾಧಾನ ಅದು ಎನ್ನುತ್ತಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಬಳಿ, ಅಂಬಾಜಿದುರ್ಗದ ಬದಿಗೆ, ಕೈಲಾಸಗಿರಿಯೆಂಬ ಗುಡ್ಡವಿದೆ. ಬಂಡೆಯ ಹೊಟ್ಟೆ ಕೊರೆದು ಗುಹೆಗಳನ್ನು ಮಾಡಿ ಚತುರ್ಮುಖ ಶಿವ, ಪಾರ್ವತಿ, ಗಣಪತಿಯರನ್ನು ಇರಿಸಿದ್ದಾರೆ. ಇದು ಹಳೆಯ ಶಿಲ್ಪವಲ್ಲ, ನಮ್ಮ ಕಾಲಕ್ಕೆ ಹತ್ತಿರದ ಕೆಲಸ. ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಮೂರ್ತಿ ನಿಂತದ್ದು 2023ರ ಜನವರಿಯಲ್ಲಿ. ಹೋಗಲಾಗದ ಕೊರಗೇ ಇವುಗಳ ಮೂಲವಾಗಿದ್ದರೆ, ಹೋಗುವ ದಾರಿ ಸಲೀಸಾದಂತೆ ಇವು ಕಡಿಮೆಯಾಗಬೇಕಿತ್ತು. ಆದದ್ದು ವಿರುದ್ಧ. ರೈಲು, ವಿಮಾನ, ಪಾಸ್‌ಪೋರ್ಟು ಬಂದಮೇಲೆಯೇ ಇಲ್ಲಿ ಹೊಸ ಕೈಲಾಸಗಳು ಎದ್ದವು. ಎಲ್ಲೋರದ ಉದಾಹರಣೆಯೂ ಹಾಗೆಯೇ. ಉತ್ತರ ಭಾರತಕ್ಕೆ ದಂಡು ಕಳುಹಿಸಬಲ್ಲ ರಾಜಮನೆತನಕ್ಕೆ ಬಡತನದ ಸಮಾಧಾನ ಬೇಕಿರಲಿಲ್ಲ. ಹತ್ತಿರದ ಕೈಲಾಸ ದೂರದ ಕೈಲಾಸಕ್ಕೆ ಬದಲಿಯಲ್ಲ, ಅದಕ್ಕೆ ಹೋಗುವ ಅಭ್ಯಾಸ. ಕಾಲಿಗೂ ಕಣ್ಣಿಗೂ ಮನಸ್ಸಿಗೂ ಒಟ್ಟಿಗೆ ಆಗುವ ಅಭ್ಯಾಸ.

ದೂರದ ದಾರಿ ನಮ್ಮವರಿಗೆ ನಿಜವಾಗಿ ತೆರೆದದ್ದು ರೈಲಿನಿಂದ. 19ನೇ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋದ ಮೀಟರ್‌ಗೇಜ್ ಗೌರಿಬಿದನೂರನ್ನು ಉತ್ತರದ ಜಾಲಕ್ಕೆ ಸೇರಿಸಿತು. 20ನೇ ಶತಮಾನದ ಎರಡನೇ ದಶಕದಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ನ್ಯಾರೋಗೇಜ್ ಪುಟ್ಟ ರೈಲು ಬಂತು. ಅತ್ತ ಹಿಮಾಲಯದ ಬುಡದ ಕಾಠಗೋದಾಮಿಗೆ 1884ರಲ್ಲೇ ರೈಲು ಮುಟ್ಟಿತ್ತು. ಅಲ್ಲಿಂದ ಅಲ್ಮೋರಾ, ಧಾರ್ಚುಲಾ, ಗರ್ಬ್ಯಾಂಗ್ ದಾಟಿ, ಐದು ಸಾವಿರ ಮೀಟರಿಗೂ ಎತ್ತರದ ಲಿಪುಲೇಖ್ ಹತ್ತಿ, ಟಿಬೆಟಿನ ತಕಲಾಕೋಟ್ ಪೇಟೆಗೆ ಇಳಿಯುವುದು ಕಾಲ್ನಡಿಗೆಯ ಹಾದಿ. ಡೇರೆ, ದವಸ, ಹೇರು ಹೊರುವ ಪ್ರಾಣಿ, ಭಾಷೆ ಬಲ್ಲ ಭೋಟಿಯಾ ವ್ಯಾಪಾರಿಯ ಜೊತೆ, ಡಕಾಯಿತರಿಂದ ಕಾವಲು ಎಲ್ಲವನ್ನೂ ಹೊಂದಿಸಿಕೊಳ್ಳಬೇಕಿತ್ತು. ಈ ನಾಲ್ಕು ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1931ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಕೈಲಾಸ–ಮಾನಸ ಸರೋವರ ಯಾತ್ರೆ ಮಾಡಿಬಂದರು. ಅದಕ್ಕೆ ನಾಲ್ಕು ವರ್ಷದ ಹಿಂದೆ ಅವರ ರಾಜ್ಯದ ನಂದಿಯ ಮೇಲೆ ಗಾಂಧೀಜಿ ವಿಶ್ರಾಂತಿ ಪಡೆದಿದ್ದರು. ಸುಖಕ್ಕೆ ಕೊರತೆಯಿಲ್ಲದ ದೊರೆ ಆರೋಗ್ಯಕ್ಕಾಗಿ ತಂಪುತಾಣಕ್ಕೆ ಹೋಗಬಹುದಿತ್ತು. ಅಂಥ ಬೆಟ್ಟ ಅವರ ಕೈಯಳತೆಯಲ್ಲೇ ಇತ್ತು. ಅವರು ಆರಿಸಿಕೊಂಡದ್ದು ಹತ್ತಲಾಗದ ಬೆಟ್ಟವನ್ನು, ಮೀಯಬೇಕಾದ ಸರೋವರವನ್ನು.

ಆ ಕಾಲದಲ್ಲಿ ಯಾತ್ರೆಯ ಯೋಜನೆಗೆ ನಿಜವಾದ ಆಧಾರ ಒದಗಿಸಿದವರು ಸ್ವಾಮಿ ಪ್ರಣವಾನಂದರು. ತೆಲುಗು ನಾಡಿನಲ್ಲಿ ಹುಟ್ಟಿದ ಈ ಸಂನ್ಯಾಸಿ ವರ್ಷಗಟ್ಟಲೆ ಮಾನಸ ಸರೋವರದ ದಡದಲ್ಲಿ ತಂಗಿ, ಬೆಟ್ಟವನ್ನೂ ಸರೋವರವನ್ನೂ ಮತ್ತೆಮತ್ತೆ ಸುತ್ತಿ, 1949ರಲ್ಲಿ ಇಂಗ್ಲಿಷಿನಲ್ಲಿ ಕೈಲಾಸ–ಮಾನಸ ಸರೋವರದ ಪುಸ್ತಕ ಪ್ರಕಟಿಸಿದರು. ಮುನ್ನುಡಿ ಜವಾಹರಲಾಲ್ ನೆಹರೂ ಅವರದು. ಯಾವ ದಾರಿಯಲ್ಲಿ ಎಷ್ಟು ದಿನ, ಎಲ್ಲಿ ತಂಗಬೇಕು, ಏನೇನು ಒಯ್ಯಬೇಕು ಎಂಬುದನ್ನೆಲ್ಲ ಅದರಲ್ಲಿ ಬಿಡಿಸಿಟ್ಟಿದ್ದಾರೆ. ಆದರೆ ಅವರ ಜೀವ ಇದ್ದದ್ದು ನಾಲ್ಕು ನದಿಗಳ ಮೂಲ ಯಾವುವು ಎಂಬ ಪ್ರಶ್ನೆಯಲ್ಲಿ. ಸ್ವೀಡನ್ನಿನ ಸ್ವೆನ್ ಹೆಡಿನ್ 1907ರ ಸುಮಾರಿಗೆ ಗುರುತಿಸಿದ್ದ ಮೂಲಗಳನ್ನು ಅವರು ನಡೆದುನೋಡಿ ಪ್ರಶ್ನಿಸಿದರು, ಸ್ಥಳೀಯರ ಸಂಪ್ರದಾಯವನ್ನೂ ಹರಿವಿನ ಪ್ರಮಾಣವನ್ನೂ ತೂಗಿದರು. ಪೆನ್ನಾರ್ ಹರಿಯುವ ಭಾಷಾಸೀಮೆಯಿಂದ ಹೋದ ಸಂನ್ಯಾಸಿಯೊಬ್ಬನಿಗೆ ಮೋಕ್ಷದ ಬೆಟ್ಟದಲ್ಲಿ ನದಿಮೂಲದ ಪ್ರಶ್ನೆಯೇ ಮುಖ್ಯವಾದದ್ದು ನನ್ನ ವಾದಕ್ಕೆ ಬಹಳ ಬೇಕಾದ ಸಾಕ್ಷಿ. ಕನ್ನಡದ ಜೊತೆಗೇ ತೆಲುಗೂ ಮನೆಮಾತಾಗಿರುವ ಚಿಂತಾಮಣಿ, ಗೌರಿಬಿದನೂರಿನವರಿಗೆ ಅವರು ಹೊರಗಿನವರೂ ಅಲ್ಲ.

ಮುಂದಿನ ಕತೆ ದೆಹಲಿ–ಬೀಜಿಂಗುಗಳದು, ಬೇಗ ಹೇಳಿ ಮುಗಿಸಬಹುದು. 1954ರ ಏಪ್ರಿಲ್ 29ರ ಒಪ್ಪಂದದಲ್ಲಿ ಭಾರತದ ಯಾತ್ರಿಕರು ರೂಢಿಯಂತೆ ಕೈಲಾಸ, ಮಾನಸ ಸರೋವರಗಳಿಗೆ ಹೋಗಬಹುದೆಂದು ಬರೆದು, ಲಿಪುಲೇಖ್ ಸೇರಿ ಆರು ಕಣಿವೆಬಾಗಿಲುಗಳನ್ನು ಹೆಸರಿಸಿದರು. 1962ರಲ್ಲಿ ಎಲ್ಲ ಮುಚ್ಚಿತು. 1981ರಲ್ಲಿ ಲಿಪುಲೇಖ್ ಮತ್ತೆ ತೆರೆಯಿತು. 1998ರ ಆಗಸ್ಟಿನಲ್ಲಿ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು ಯಾತ್ರಿಕರ ತಂಡವೊಂದು ಮಣ್ಣಾಯಿತು. ಸತ್ತವರಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿ ಒಬ್ಬರು. ನೃತ್ಯಗ್ರಾಮವಿರುವ ಹೆಸರಘಟ್ಟದ ಕೆರೆ ನಂದಿಯಲ್ಲಿ ಹುಟ್ಟಿದ ಅರ್ಕಾವತಿಗೆ ಕಟ್ಟಿದ್ದು. ಬೆಟ್ಟ ಕುಸಿಯುವುದು ಹಿಮಾಲಯದಲ್ಲಿ ಮಾತ್ರ ಎಂಬ ಧೈರ್ಯ ನಮಗೂ ಬೇಡ. 2021ರ ಆಗಸ್ಟಿನ ಮಳೆಗೆ ನಂದಿಯಲ್ಲೂ ಗುಡ್ಡ ಜಾರಿ ರಸ್ತೆ ಕೊಚ್ಚಿಹೋಯಿತು. 2015ರಲ್ಲಿ ಸಿಕ್ಕಿಮಿನ ನಾಥು ಲಾ ದಾರಿಯೂ ಸೇರಿತು. 2020ರಿಂದ ಐದು ವರ್ಷ ಯಾತ್ರೆ ನಿಂತು, 2025ರಲ್ಲಿ ಲಿಪುಲೇಖ್ ಮೂಲಕ 50 ಜನರ ಐದು ತಂಡ, ನಾಥು ಲಾ ಮೂಲಕ 50 ಜನರ ಹತ್ತು ತಂಡ ಎಂಬ ಲೆಕ್ಕದಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಇಡೀ ದೇಶಕ್ಕೆ 750 ಸ್ಥಾನ. ಕರ್ನಾಟಕದವರಿಗೆ ಧಾರ್ಮಿಕ ದತ್ತಿ ಇಲಾಖೆಯ ಸಹಾಯಧನವೂ ಉಂಟು.

ವಾದಕ್ಕೆ ಎದುರಾಗುವ ಕೊನೆಯ ಆಕ್ಷೇಪವೇ ನನಗೆ ಅತ್ಯಂತ ಗಂಭೀರವಾದದ್ದು. ಕೈಲಾಸ ಸೀಮೆಯ ನದಿಗಳು ಹಿಮ ಕರಗಿ ಬೇಸಿಗೆಯಲ್ಲೂ ಹರಿಯುತ್ತವೆ. ನಂದಿಯ ನದಿಗಳು ವರ್ಷದ ಬಹುಪಾಲು ಮರಳು. ನೀರಿಲ್ಲದ ನದಿಗಳ ಬೆಟ್ಟವನ್ನು ಹಿಮನದಿಗಳ ಬೆಟ್ಟದ ಪಕ್ಕ ಇಡುವುದು ಅತಿಯಾಯಿತಲ್ಲವೇ? ಉತ್ತರ ಕೆರೆಗಳಲ್ಲಿದೆ. ಹಿಮನದಿ ಮಾಡುವ ಕೆಲಸವೆಂದರೆ ಬಿದ್ದ ನೀರನ್ನು ತಡೆದಿಟ್ಟು ನಿಧಾನವಾಗಿ ಬಿಡುವುದು. ಹಿಮವಿಲ್ಲದ ಈ ಸೀಮೆಯಲ್ಲಿ ಆ ಕೆಲಸವನ್ನು ಜನರೇ ಕೈಯಿಂದ ಮಾಡಿದರು. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಡಲಿಗೆ ಬೀಳುವಂತೆ, ಗುಡ್ಡದ ಬುಡದಿಂದ ಊರೂರಿಗೆ ಸರಪಣಿ ಕಟ್ಟಿದರು. ಚಿಕ್ಕಬಳ್ಳಾಪುರದ ಕಂದವಾರದ ಕೆರೆ, ಚಿಂತಾಮಣಿಯ ಕನ್ನಂಪಲ್ಲಿ ಕೆರೆ ಅಂಥವು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಬೆಳೆದದ್ದೂ ಗೂಡು ಬೇಯಿಸುವ ನೀರಿದ್ದದ್ದರಿಂದ. ಕಾಲುವೆ ಮುಚ್ಚಿ, ಗುಡ್ಡಗಳಿಗೆ ಕ್ವಾರಿ ಬಿದ್ದು, ಕೊಳವೆಬಾವಿ ಸಾವಿರ ಅಡಿ ದಾಟಿ, ನೀರಿಗೆ ಫ್ಲೋರೈಡ್ ಸೇರಿದ್ದು ಈಚಿನ ದುರಂತ. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆನೀರನ್ನು ಪೈಪಿನಲ್ಲಿ ತಂದು ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಒಂದು ಕಾಲಕ್ಕೆ ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ ಕುಡಿದ ನಗರ, ಬಳಸಿದ ನೀರನ್ನು ನಂದಿಯ ಬುಡಕ್ಕೆ ಹಿಂದಕ್ಕೆ ಕಳುಹಿಸುತ್ತಿದೆ. ನಂದಿಯ ನದಿಗಳು ಒಣಗಿವೆ ಎಂಬುದು ನಂದಿಯನ್ನು ಕೈಲಾಸದ ಸಾಲಿನಿಂದ ಕೆಳಗಿಳಿಸಲು ಕಾರಣವಾಗಲಾರದು. ಮೂಲ ಕೆಟ್ಟರೆ ಕೆಳಗಿನವರ ಗತಿ ಏನಾಗುತ್ತದೆಂದು ಕರಗುತ್ತಿರುವ ಹಿಮಾಲಯದ ಹಿಮನದಿಗಳನ್ನು ನೋಡಿ ಆತಂಕಪಡುವವರಿಗೆ, ಅದನ್ನು ಆಗಲೇ ಅನುಭವಿಸಿದ ಸೀಮೆ ಇದು.

ಹೀಗಿರುವಾಗ ಇಲ್ಲಿಂದ ಕೈಲಾಸಕ್ಕೆ ಹೊರಡುವವರ ಯೋಜನೆ ಹೇಗಿರಬೇಕು? ನೇಪಾಳಗಂಜ್, ಸಿಮಿಕೋಟ್, ಹಿಲ್ಸಾ ಮೂಲಕ ಹೆಲಿಕಾಪ್ಟರಿನಲ್ಲಿ ಹಾರಿ ಬೇಗ ಮುಗಿಸುವ ಖಾಸಗಿ ದಾರಿಯೊಂದಿದೆ. ಮೊಣಕಾಲು ಸೋತವರಿಗೆ, ರಜೆ ಸಿಗದವರಿಗೆ ಅದೇ ಅನುಕೂಲ, ಅವರನ್ನು ಆಕ್ಷೇಪಿಸಲಾರೆ. ಆದರೆ ಬಯಲಿನ ದೇಹವನ್ನು ಥಟ್ಟನೆ ಸುಮಾರು ನಾಲ್ಕು ಸಾವಿರ ಮೀಟರಿನ ಎತ್ತರಕ್ಕೆ ಒಯ್ದರೆ ರಕ್ತ ಆ ತೆಳುಗಾಳಿಗೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ತಲೆನೋವು, ವಾಂತಿಯಿಂದ ಹಿಡಿದು ಶ್ವಾಸಕೋಶದಲ್ಲಿ ನೀರು ತುಂಬುವವರೆಗೆ ಅಪಾಯಗಳಿವೆ. ಲಿಪುಲೇಖ್ ಕಡೆಗೆ 2020ರಲ್ಲಿ ರಸ್ತೆಯಾದಮೇಲೆ ಅಲ್ಲೂ ನಡಿಗೆ ಕಡಿಮೆಯಾಗಿದೆ, ಆದ್ದರಿಂದ ದಾರಿಯಲ್ಲಿ ತಂಗುವ ದಿನಗಳನ್ನು ಉಳಿತಾಯ ಮಾಡಬಾರದು. ನಡಿಗೆಯ ಅಭ್ಯಾಸಕ್ಕೆ ನಂದಿಯ ಸುಲ್ತಾನಪೇಟೆ ಮೆಟ್ಟಿಲು ಒಳ್ಳೆಯದು, ಗಿರಿಪ್ರದಕ್ಷಿಣೆಯ ದಾರಿ ಅದಕ್ಕಿಂತ ಒಳ್ಳೆಯದು. ಮೆಟ್ಟಿಲು ಉಸಿರನ್ನು ಪಳಗಿಸುತ್ತದೆ. ಸುತ್ತುದಾರಿ ಒಂದೇ ಹದದಲ್ಲಿ ಗಂಟೆಗಟ್ಟಲೆ ನಡೆಯುವುದನ್ನು, ಜೊತೆಯವರ ವೇಗಕ್ಕೆ ತಗ್ಗುವುದನ್ನು ಕಲಿಸುತ್ತದೆ, ಡೋಲ್ಮಾ ಲಾ ದಿನ ಬೇಕಾಗುವುದು ಅದೇ. ಬುತ್ತಿಗೆ ರಾಗಿ ಹುರಿಹಿಟ್ಟು ಸಾಕು. ಟಿಬೆಟಿನವರು ಅಲ್ಲಿ ಜೀವ ಹಿಡಿದಿರುವುದೂ ಹುರಿದ ಜವೆಯ ಹಿಟ್ಟಿನಿಂದಲೇ, ಬಿಸಿನೀರಿದ್ದರೆ ಎರಡೂ ಊಟವಾಗುತ್ತವೆ. ಇನ್ನು ಸಾಮಾನಿನ ಜೊತೆ ಒಂದು ನಕ್ಷೆ ಇರಲಿ. ಸಿಂಧೂ ಬೆಟ್ಟದ ಉತ್ತರಕ್ಕೆ, ಸತಲಜ್ ರಾಕ್ಷಸತಾಲದ ಪಶ್ಚಿಮಕ್ಕೆ, ಬ್ರಹ್ಮಪುತ್ರ ಮಾನಸ ಸರೋವರದ ಆಗ್ನೇಯದ ಹಿಮನದಿಗಳಲ್ಲಿ, ಕರ್ನಾಲಿ ದಕ್ಷಿಣಕ್ಕೆ. ತಕಲಾಕೋಟ್ ಮುಟ್ಟುವಾಗಲೇ ಕಣ್ಣಿಗೆ ಬೀಳುವ ಹೊಳೆ ಕರ್ನಾಲಿಯದು. ಬಸ್ಸಿನ ಕಿಟಕಿಯಾಚೆ ಅದು ಹರಿಯುತ್ತಿರುವಾಗ ಕೈಲಾಸ ಇನ್ನೂ ಕಾಣುವುದಿಲ್ಲವೆಂದು ಹೆಚ್ಚಿನವರು ಬೇಸರಪಡುತ್ತಾರೆ. ನಂದಿ ಸೀಮೆಯವರು ಅಲ್ಲಿಂದಲೇ ನೋಡತೊಡಗಬಹುದು, ಪರಿಕ್ರಮ ಆಗಲೇ ಶುರುವಾಗಿರುತ್ತದೆ.